ಕೆಲಸದ ಜೊತೆಗೆ ತೀರ್ಮಾನವನ್ನೂ ವಹಿಸಿಕೊಡುವುದು: ಹೊಸ ಮ್ಯಾನೇಜರ್‌ಗಳಿಗಾಗಿ

ಪೀಣ್ಯದ ವರ್ಕ್‌ಶಾಪ್‌ನಲ್ಲಿ ಒಳ್ಳೆಯ ಟರ್ನರ್ ಎಂದು ಹೆಸರು ಮಾಡಿದವರು ಶಿಫ್ಟ್ ಸೂಪರ್‌ವೈಸರ್ ಆಗುತ್ತಾರೆ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಚೇರಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೋಡ್ ಬರೆಯುವವರು ಟೀಮ್ ಲೀಡ್ ಆಗಿ, ಆಮೇಲೆ ಮ್ಯಾನೇಜರ್ ಆಗುತ್ತಾರೆ. ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ ಲೆಕ್ಕವನ್ನು ಅಚ್ಚುಕಟ್ಟಾಗಿ ಇಡುವ ಗುಮಾಸ್ತರಿಗೆ ಇಡೀ ಖರೀದಿ ವಿಭಾಗವೇ ಒಪ್ಪಿಸಲ್ಪಡುತ್ತದೆ. ಬೆಂಗಳೂರಿನ ಕೆಲಸದ ಜಗತ್ತಿನಲ್ಲಿ ಬಡ್ತಿ ಬಹುಮಟ್ಟಿಗೆ ಹೀಗೆಯೇ, ತಮ್ಮ ಪಾಲಿನ ಕೆಲಸದಲ್ಲಿ ಗಟ್ಟಿಗರಾದವರನ್ನು ಹುಡುಕಿಕೊಂಡು ಬರುತ್ತದೆ. ಬಡ್ತಿ ಬಂದ ಮರುದಿನದಿಂದ ಅವರನ್ನು ಅಳೆಯುವ ಕೋಲು ಬೇರೆಯಾಗುತ್ತದೆ. ನಿನ್ನೆಯವರೆಗೆ ತಾವೊಬ್ಬರೇ ಎಷ್ಟು ಮಾಡಿದರೆಂಬುದು ಲೆಕ್ಕಕ್ಕಿತ್ತು. ಇನ್ನು ಮುಂದೆ ತಂಡದವರೆಲ್ಲ ಸೇರಿ ಏನು ಮಾಡಿದರೆಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಕೆಲಸ ವಹಿಸಿಕೊಡುವ ಕಲೆಯನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹೊಸ ಮ್ಯಾನೇಜರ್‌ಗಳು ಎಲ್ಲವನ್ನೂ ತಾವೇ ಮೈಮೇಲೆ ಹಾಕಿಕೊಳ್ಳುತ್ತಾರೆ ಎಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಗಮನಿಸಿ ನೋಡಿದರೆ ಹಂಚಿಕೆಯೇನೋ ಮೊದಲ ವಾರದಿಂದಲೇ ನಡೆದಿರುತ್ತದೆ: ವರದಿ ಒಬ್ಬರಿಗೆ, ಪರೀಕ್ಷೆ ಇನ್ನೊಬ್ಬರಿಗೆ, ಗ್ರಾಹಕರ ದೂರುಗಳು ಮತ್ತೊಬ್ಬರಿಗೆ. ಹಂಚಿಹೋಗದೆ ಉಳಿದುಕೊಳ್ಳುವುದು ಆ ಕೆಲಸಗಳ ಒಳಗಿರುವ ತೀರ್ಮಾನಗಳು. ವರದಿಯಲ್ಲಿ ಯಾವ ಅಂಕಿ ಮೊದಲು ಬರಬೇಕು, ಪರೀಕ್ಷೆಯಲ್ಲಿ ಸಿಕ್ಕ ದೋಷವನ್ನು ಈಗಲೇ ಸರಿಪಡಿಸಬೇಕೆ ಅಥವಾ ಮುಂದಿನ ರಿಲೀಸ್‌ಗೆ ಬಿಡಬಹುದೆ, ಸಿಟ್ಟಾದ ಗ್ರಾಹಕರಿಗೆ ಎಷ್ಟರಮಟ್ಟಿಗೆ ರಿಯಾಯಿತಿ ಕೊಡಬಹುದು ಎಂಬಂಥ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಮ್ಯಾನೇಜರ್ ಮೇಜಿಗೇ ಬಂದು ಸೇರುತ್ತವೆ. ಕೆಲಸ ಹತ್ತು ಜನರ ಕೈಯಲ್ಲಿದ್ದರೂ ಅದು ಮುಂದೆ ಸಾಗುವುದು ಒಬ್ಬರ ತಲೆ ಅಲ್ಲಾಡಿದ ಮೇಲೆಯೇ. ಆದ್ದರಿಂದ ವಹಿಸಿಕೊಡುವುದೆಂದರೆ ಏನೆಂದು ಮೊದಲೇ ಖಚಿತ ಮಾಡಿಕೊಳ್ಳಬೇಕು. ತಲುಪಬೇಕಾದ ಫಲಿತಾಂಶ, ಅದಕ್ಕೆ ಬೇಕಾದ ತೀರ್ಮಾನಗಳನ್ನು ಕೈಗೊಳ್ಳುವ ಅಧಿಕಾರ ಮತ್ತು ಆ ಅಧಿಕಾರದ ಎಲ್ಲೆ, ಇವುಗಳನ್ನು ಒಟ್ಟಾಗಿ ಇನ್ನೊಬ್ಬರ ಕೈಗೆ ಕೊಟ್ಟಾಗ ಮಾತ್ರ ಕೆಲಸವನ್ನು ವಹಿಸಿಕೊಟ್ಟಂತಾಗುತ್ತದೆ.

ಇದಕ್ಕೆ ಅಡ್ಡ ಬರುವ ಮೊದಲ ಯೋಚನೆ ಎಲ್ಲರಿಗೂ ಗೊತ್ತಿರುವಂಥದ್ದೇ: "ಅವರಿಗೆ ಹೇಳಿಕೊಡುವಷ್ಟರಲ್ಲಿ ನಾನೇ ಮಾಡಿ ಮುಗಿಸುತ್ತೇನೆ." ಈ ದಿನದ ಮಟ್ಟಿಗೆ ಇದು ನಿಜವೂ ಹೌದು. ವಾರಕ್ಕೆ ಒಂದು ಗಂಟೆ ತೆಗೆದುಕೊಳ್ಳುವ ಕೆಲಸವೊಂದಿದೆ ಎಂದಿಟ್ಟುಕೊಳ್ಳೋಣ. ಅದನ್ನು ಇನ್ನೊಬ್ಬರಿಗೆ ಸರಿಯಾಗಿ ಕಲಿಸಲು ಆರು ಗಂಟೆ ಬೇಕು, ಆಮೇಲೆ ಪ್ರತಿ ವಾರ ಅವರು ಮಾಡಿದ್ದನ್ನು ನೋಡಲು ಕಾಲು ಗಂಟೆ ಹಿಡಿಯುತ್ತದೆ. ಈ ವಾರ ನೋಡಿದರೆ ಒಂದು ಗಂಟೆಗೆ ಬದಲು ಆರು ಗಂಟೆ ಹೋದಂತೆ ಕಾಣುತ್ತದೆ. ವರ್ಷದ ಲೆಕ್ಕ ಹಾಕಿದರೆ 52 ಗಂಟೆಯ ಜಾಗದಲ್ಲಿ 19 ಗಂಟೆ ಖರ್ಚಾಗಿರುತ್ತದೆ. ಅದಕ್ಕಿಂತ ದೊಡ್ಡ ಲಾಭ ಗಂಟೆಯ ಲೆಕ್ಕಕ್ಕೆ ಸಿಗುವುದಿಲ್ಲ: ಆ ಕೆಲಸ ಬಲ್ಲವರು ತಂಡದಲ್ಲಿ ಇಬ್ಬರಾಗುತ್ತಾರೆ. ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಅದನ್ನು ಮ್ಯಾನೇಜರ್ ತಾವೇ ಮಾಡಿ ಮುಗಿಸುವುದೇ ಸರಿ. ಮೊದಲು ವಹಿಸಿಕೊಡಬೇಕಾದದ್ದು ಮತ್ತೆ ಮತ್ತೆ ಮರಳಿ ಬರುವ ಕೆಲಸಗಳನ್ನು.

ವಹಿಸಿಕೊಡಬೇಕೆಂಬುದಕ್ಕೆ ಎರಡನೆಯ ಕಾರಣ ಸಂಖ್ಯೆಗೆ ಸಂಬಂಧಿಸಿದ್ದು. ಲಿಥುವೇನಿಯಾ ಮೂಲದ ವಿ. ಎ. ಗ್ರೈಕುನಾಸ್ ಎಂಬ ಆಡಳಿತ ಸಲಹೆಗಾರರು 1933ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಮೇಲಧಿಕಾರಿಗೂ ಒಬ್ಬೊಬ್ಬ ಕೈಕೆಳಗಿನವರಿಗೂ ಇರುವ ನೇರ ಸಂಬಂಧ, ಬೇರೆ ಬೇರೆ ಗುಂಪುಗಳಾಗಿ ಅವರೊಂದಿಗೆ ಬರುವ ಸಂಬಂಧ, ಅವರವರ ನಡುವೆಯೇ ಹುಟ್ಟುವ ಸಂಬಂಧ ಎಲ್ಲವನ್ನೂ ಎಣಿಸಿದರೆ, ಕೈಕೆಳಗೆ ನಾಲ್ವರಿದ್ದಾಗ ಒಟ್ಟು 44 ಸಂಬಂಧಗಳು ಸಾಧ್ಯ. ಐವರಾದರೆ ಅದು 100, ಆರು ಜನರಾದರೆ 222. ಇವೆಲ್ಲ ಸಾಧ್ಯತೆಗಳ ಎಣಿಕೆಯೇ ಹೊರತು ದಿನನಿತ್ಯ ನಡೆಯುವ ವ್ಯವಹಾರದ ಎಣಿಕೆಯಲ್ಲವಾದ್ದರಿಂದ ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ಆದರೂ ಅವು ತೋರಿಸುವ ದಿಕ್ಕು ಸರಿಯಾಗಿದೆ: ತಂಡಕ್ಕೆ ಒಬ್ಬರು ಸೇರಿದರೆ ಕೆಲಸ ಒಬ್ಬರಷ್ಟೇ ಹೆಚ್ಚಬಹುದು, ಆದರೆ ಎಲ್ಲ ತೀರ್ಮಾನಗಳೂ ಒಬ್ಬರ ಮೂಲಕವೇ ಹಾಯಬೇಕಾದ ಕಡೆ ಗೋಜಲು ಅದರ ಹಲವು ಪಟ್ಟು ಬೆಳೆಯುತ್ತದೆ. ಮೂವರ ತಂಡವನ್ನು ಹೇಗೋ ಸಂಭಾಳಿಸಿಕೊಂಡು ಹೋದವರು ಏಳು ಜನರ ತಂಡ ಸಿಕ್ಕಾಗ ರಾತ್ರಿ ಹತ್ತಕ್ಕೂ ಲ್ಯಾಪ್‌ಟಾಪ್ ಮುಚ್ಚಲಾಗದೆ ಕೂರುವುದಕ್ಕೆ ಅವರ ಸಾಮರ್ಥ್ಯದ ಕೊರತೆ ಕಾರಣವಲ್ಲ.

ವಹಿಸಿಕೊಡುವ ಕೆಲಸದಲ್ಲಿ ಅತಿ ಹೆಚ್ಚು ಕೆಡುವುದು ಮೊದಲ ಐದು ನಿಮಿಷದ ಮಾತುಕತೆ. ನಮ್ಮ ಕಚೇರಿಗಳಲ್ಲಿ ಅದು ಹೆಚ್ಚಾಗಿ "ಈ ರಿಪೋರ್ಟ್ ಸ್ವಲ್ಪ ನೋಡ್ಕೊಳ್ಳಿ" ಎಂಬ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ, ಅದಕ್ಕೆ ಉತ್ತರವಾಗಿ "ಆಯ್ತು ಸಾರ್" ಎಂಬುದೂ ಬರುತ್ತದೆ. ನೋಡಿಕೊಳ್ಳುವುದೆಂದರೆ ಒಮ್ಮೆ ಓದಿ ಅಭಿಪ್ರಾಯ ಹೇಳುವುದೋ, ತಪ್ಪು ತಿದ್ದುವುದೋ, ಹೊಸದಾಗಿ ಬರೆದು ಗ್ರಾಹಕರಿಗೆ ಕಳುಹಿಸಿಬಿಡುವುದೋ ಎಂಬುದು ಹೇಳಿದವರ ಮನಸ್ಸಿನಲ್ಲಷ್ಟೇ ಉಳಿದಿರುತ್ತದೆ. ಕೇಳಿಸಿಕೊಂಡವರು ಹಿರಿಯರ ಮುಂದೆ ಎರಡೆರಡು ಬಾರಿ ಕೇಳುವುದು ಮರ್ಯಾದೆಯಲ್ಲವೆಂದು ಸುಮ್ಮನಾಗುತ್ತಾರೆ. ಹಾಗಾಗಿ "ಆಯ್ತು ಸಾರ್" ಎಂಬ ಮಾತನ್ನು ಅರ್ಥವಾಯಿತು ಎಂಬುದಕ್ಕೆ ಸಾಕ್ಷಿಯಾಗಿ ಯಾವ ಮ್ಯಾನೇಜರ್ ಕೂಡ ಸ್ವೀಕರಿಸಬಾರದು. ಬಹಳ ಸಲ ಅದು ಗೌರವದ ಮಾತು, ಅಷ್ಟೆ.

ಅದೇ ಕೆಲಸವನ್ನು ಹೀಗೆ ಹೇಳಬಹುದು: "ಪ್ರತಿ ಶುಕ್ರವಾರ ಗ್ರಾಹಕರಿಗೆ ಹೋಗುವ ಪ್ರಗತಿ ವರದಿ ಇನ್ನು ಮುಂದೆ ನಿಮ್ಮದು. ಅದನ್ನು ಓದಿದ ಮೇಲೆ ಅವರಿಗೆ ಎರಡು ವಿಷಯ ತಿಳಿಯಬೇಕು, ನಾವು ಒಪ್ಪಿಕೊಂಡ ತಾರೀಖಿಗೆ ಮುಗಿಸುತ್ತೇವೆಯೇ ಮತ್ತು ಅವರ ಕಡೆಯಿಂದ ನಮಗೆ ಏನು ಬೇಕು. ಯಾವ ಅಂಕಿ ಹಾಕಬೇಕು, ಹೇಗೆ ಜೋಡಿಸಬೇಕು ಎಂಬುದು ನಿಮ್ಮ ತೀರ್ಮಾನ. ತಾರೀಖು ಮುಂದೆ ಹೋಗುವ ಸೂಚನೆ ಇದ್ದರೆ ಅಥವಾ ಹಣದ ವಿಷಯ ಬಂದರೆ ಕಳುಹಿಸುವ ಮೊದಲು ನನ್ನೊಂದಿಗೆ ಮಾತಾಡಿ. ಮೊದಲ ಮೂರು ವಾರ ಗುರುವಾರ ಸಂಜೆ ನಾಲ್ಕಕ್ಕೆ ಕರಡನ್ನು ಒಟ್ಟಿಗೆ ನೋಡೋಣ, ಆಮೇಲೆ ನೀವೇ ನೇರವಾಗಿ ಕಳುಹಿಸಿ, ನನಗೊಂದು ಪ್ರತಿ ಬಂದರೆ ಸಾಕು." ಇಷ್ಟು ಹೇಳಲು ಎರಡು ನಿಮಿಷ ಸಾಕು. ಇದರಲ್ಲಿ ಕೆಲಸ ಮಾಡುವ ವಿಧಾನದ ಬಗ್ಗೆ ಒಂದು ಮಾತೂ ಇಲ್ಲದಿರುವುದನ್ನು ಗಮನಿಸಬೇಕು. ಕೈಕೆಲಸದಲ್ಲಿ ನಿಪುಣರಾದ ಮ್ಯಾನೇಜರ್‌ಗಳಿಗೆ ತಮ್ಮ ವಿಧಾನವೇ ಫಲಿತಾಂಶದಂತೆ ಕಾಣುವುದುಂಟು. ಎಕ್ಸೆಲ್‌ನಲ್ಲಿ ತಾವು ಬಳಸುತ್ತಿದ್ದ ಬಣ್ಣಗಳು, ತಾವು ಬರೆಯುತ್ತಿದ್ದ ಒಕ್ಕಣೆ ಬದಲಾದರೆ ವರದಿಯೇ ಕೆಟ್ಟಿತೆನ್ನಿಸುತ್ತದೆ. ಗ್ರಾಹಕರಿಗೆ ಆ ಎರಡು ವಿಷಯ ಸ್ಪಷ್ಟವಾಗಿ ತಿಳಿದಿದ್ದರೆ ಬಣ್ಣದ ಗೊಡವೆ ಮ್ಯಾನೇಜರ್‌ಗೆ ಬೇಡ.

ಹೇಳಿ ಮುಗಿಸಿದ ಮೇಲೆ "ಅರ್ಥವಾಯಿತೇ?" ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. "ಇದನ್ನು ಎಲ್ಲಿಂದ ಶುರು ಮಾಡುತ್ತೀರಿ, ಇದರಲ್ಲಿ ತೊಡಕು ಎಲ್ಲಿ ಬರಬಹುದು ಅನ್ನಿಸುತ್ತದೆ?" ಎಂದು ಕೇಳಿದರೆ ಅವರು ಏನು ಅರ್ಥ ಮಾಡಿಕೊಂಡಿದ್ದಾರೆಂಬುದು ಅವರ ಬಾಯಿಂದಲೇ ಹೊರಬರುತ್ತದೆ. ಕನ್ನಡ, ತೆಲುಗು, ತಮಿಳು, ಹಿಂದಿ ಮನೆಮಾತಿನವರು ಒಂದೇ ಮೇಜಿನ ಸುತ್ತ ಕೂತು ಇಂಗ್ಲಿಷಿನಲ್ಲಿ ವ್ಯವಹರಿಸುವ ಈ ಊರಿನ ತಂಡಗಳಲ್ಲಿ ಈ ಮರುಪ್ರಶ್ನೆಯ ಅಗತ್ಯ ಇನ್ನೂ ಹೆಚ್ಚು. ಒಪ್ಪಿಕೊಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸುವಂತೆ ಕೆಲಸ ವಹಿಸಿಕೊಂಡವರಿಗೇ ಹೇಳುವುದು ಇನ್ನೂ ಒಳ್ಳೆಯದು.

ಎಲ್ಲೆಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅಧಿಕಾರ ಕೊಟ್ಟೂ ಕೊಡದಂತಾಗುವುದು ಇಲ್ಲಿಯೇ. ಪೀಣ್ಯದಂಥ ಕಡೆ ಸಿಎನ್‌ಸಿ ಲೇತ್ ಮೇಲೆ 25 ಮಿಲಿಮೀಟರ್ ವ್ಯಾಸದ ಶಾಫ್ಟ್ ತಯಾರಾಗುತ್ತಿದೆ ಎಂದು ಊಹಿಸಿಕೊಳ್ಳಿ. ಡ್ರಾಯಿಂಗ್‌ನಲ್ಲಿ h7 ಎಂಬ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ, ನಮೂದಾಗಿದ್ದರೆ ವ್ಯಾಸ 25.000 ಮೀರುವಂತಿಲ್ಲ, 24.979ಕ್ಕಿಂತ ಕೆಳಗಿಳಿಯುವಂತಿಲ್ಲ, ಆಪರೇಟರ್‌ಗೆ ಸಿಗುವ ಜಾಗ 21 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ 21 ಭಾಗ) ಮಾತ್ರ. ಕತ್ತರಿಸುವ ಇನ್ಸರ್ಟ್ ಸವೆಯುತ್ತ ಹೋದಂತೆ ಶಾಫ್ಟ್‌ನ ವ್ಯಾಸ ನಿಧಾನವಾಗಿ ಹೆಚ್ಚುತ್ತದೆ, ಆಗ ಯಂತ್ರದ ಆಫ್‌ಸೆಟ್ ಅನ್ನು, ಅಂದರೆ ಕತ್ತರಿಸುವ ತುದಿ ಎಲ್ಲಿ ನಿಲ್ಲಬೇಕೆಂಬ ಹೊಂದಾಣಿಕೆಯನ್ನು, ತುಸು ಬದಲಿಸಿ ಸರಿದೂಗಿಸಬೇಕು. ಹೊಸ ಸೂಪರ್‌ವೈಸರ್, ತಾವು ಸ್ವತಃ ನುರಿತ ಟರ್ನರ್ ಆದ್ದರಿಂದ, ಆಫ್‌ಸೆಟ್ ಮುಟ್ಟುವ ಮುನ್ನ ತಮ್ಮನ್ನು ಕರೆಯಬೇಕೆಂದು ಹೇಳಿರುತ್ತಾರೆ. ಎಂಟು ಯಂತ್ರಗಳಿರುವ ಕಡೆ ಅವರು ಇಡೀ ಶಿಫ್ಟ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡುತ್ತಾರೆ, ಯಂತ್ರಗಳು ಅವರಿಗಾಗಿ ಕಾಯುತ್ತ ನಿಲ್ಲುತ್ತವೆ. ಬೇಸತ್ತ ಒಬ್ಬ ಸೂಪರ್‌ವೈಸರ್ "ನೀವೇ ನೋಡಿ ಸರಿ ಮಾಡಿಕೊಳ್ಳಿ" ಎಂದುಬಿಟ್ಟರೆ ಒಬ್ಬ ಆಪರೇಟರ್ ತುಣುಕು ತುಣುಕಿಗೂ ಆಫ್‌ಸೆಟ್ ಬದಲಿಸುತ್ತಾರೆ, ಇನ್ನೊಬ್ಬರು ಮುಟ್ಟುವುದೇ ಇಲ್ಲ.

ಸರಿಯಾದ ಹಸ್ತಾಂತರದ ಮಾತು ಹೀಗಿರಬಹುದು: "ಹತ್ತು ತುಣುಕಿಗೊಮ್ಮೆ ಮೈಕ್ರೋಮೀಟರ್ ಹಿಡಿದು ಅಳೆಯಿರಿ. 24.995 ದಾಟಿದರೆ ಆಫ್‌ಸೆಟ್ ನೀವೇ ಬದಲಿಸಿ, ವ್ಯಾಸದಲ್ಲಿ ಒಮ್ಮೆಗೆ 10 ಮೈಕ್ರಾನ್ ಮೀರುವುದು ಬೇಡ, ಬದಲಿಸಿದ್ದನ್ನು ಶೀಟ್‌ನಲ್ಲಿ ಬರೆಯಿರಿ. ಬದಲಿಸಿದ ಮೇಲೂ ಮುಂದಿನ ತುಣುಕು ಸರಿಬಾರದಿದ್ದರೆ, ಇಲ್ಲವೆ ಯಾವುದೇ ತುಣುಕು 25 ದಾಟಿದರೆ ಯಂತ್ರ ನಿಲ್ಲಿಸಿ ನನ್ನನ್ನು ಕರೆಯಿರಿ, ಹಿಂದಿನ ಅಳತೆಯ ನಂತರ ಬಂದ ತುಣುಕುಗಳನ್ನು ಬೇರೆಯಾಗಿ ಇಡಿ." ಆಪರೇಟರ್ ಯಾವುದನ್ನು ಕೇಳದೆ ಮಾಡಬಹುದು, ಯಾವುದನ್ನು ಮಾಡಿ ಆಮೇಲೆ ತಿಳಿಸಬೇಕು, ಯಾವುದರಲ್ಲಿ ಕೇಳಿಯೇ ಮುಂದುವರಿಯಬೇಕು ಎಂಬುದು ಇಲ್ಲಿ ಅಂಕಿಯಲ್ಲೇ ಗೊತ್ತಾಗಿದೆ. ಕಚೇರಿ ಕೆಲಸದಲ್ಲಿ ಮೈಕ್ರಾನ್ ಇರುವುದಿಲ್ಲವಾದರೂ ರೂಪಾಯಿ, ದಿನ, ಗ್ರಾಹಕರ ಸಂಖ್ಯೆ ಇದ್ದೇ ಇರುತ್ತವೆ. "ಐದು ಸಾವಿರ ರೂಪಾಯಿವರೆಗಿನ ಮರುಪಾವತಿ ನಿಮ್ಮ ಕೈಯಲ್ಲೇ" ಎಂಬ ಒಂದು ವಾಕ್ಯ "ಸಂದರ್ಭ ನೋಡಿಕೊಂಡು ಮಾಡಿ" ಎಂಬ ಹತ್ತು ವಾಕ್ಯಗಳಿಗಿಂತ ಹೆಚ್ಚು ಸ್ವಾತಂತ್ರ್ಯ ಕೊಡುತ್ತದೆ, ಏಕೆಂದರೆ ಎಲ್ಲೆ ಎಲ್ಲಿದೆ ಎಂದು ತಿಳಿದವರು ಅದರ ಒಳಗೆ ಅಳುಕಿಲ್ಲದೆ ಓಡಾಡುತ್ತಾರೆ.

ಎಲ್ಲೆ ಮುಟ್ಟಿದಾಗ ಕರೆಯುವುದು ಸುಲಭವಾಗಿಯೂ ಇರಬೇಕು. ಬಿಡದಿಯಲ್ಲಿ ಕಾರ್ಖಾನೆ ಹೊಂದಿರುವ ಟೊಯೊಟಾ ತನ್ನ ಉತ್ಪಾದನಾ ಪದ್ಧತಿಯಲ್ಲಿ ಇದಕ್ಕೆ ಆಂಡಾನ್ ಎಂಬ ಏರ್ಪಾಡನ್ನು ರೂಪಿಸಿದೆ. ಜೋಡಣೆಯ ಸಾಲಿನಲ್ಲಿ ನಿಂತ ಕಾರ್ಮಿಕರು ಏನಾದರೂ ತಪ್ಪು ಕಂಡರೆ ಹಗ್ಗ ಎಳೆಯುತ್ತಾರೆ ಅಥವಾ ಗುಂಡಿ ಒತ್ತುತ್ತಾರೆ, ದೀಪ ಹತ್ತುತ್ತದೆ, ಟೀಮ್ ಲೀಡರ್ ಅಲ್ಲಿಗೆ ಬರುತ್ತಾರೆ. ನಿಗದಿಯಾದ ಜಾಗ ತಲುಪುವಷ್ಟರಲ್ಲಿ ತೊಡಕು ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ. ಕರೆದವರನ್ನು ತಪ್ಪಿತಸ್ಥರಂತೆ ಕಾಣುವ ಕಡೆ ಇಂಥ ಏರ್ಪಾಡು ಒಂದು ದಿನವೂ ನಡೆಯದು. ಕೆಟ್ಟ ಸುದ್ದಿ ತಂದವರ ಮೇಲೆ ಮೊದಲ ಬಾರಿಗೆ ರೇಗುವ ಮ್ಯಾನೇಜರ್‌ಗೆ ಎರಡನೆಯ ಕೆಟ್ಟ ಸುದ್ದಿ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ಅದು ಗ್ರಾಹಕರಿಗೂ ತಲುಪಿರುತ್ತದೆ.

ಯಾರಿಗೆ ಎಷ್ಟು ಬಿಟ್ಟುಕೊಡಬೇಕೆಂಬ ಪ್ರಶ್ನೆಗೆ ವ್ಯಕ್ತಿಯನ್ನು ಮಾತ್ರ ನೋಡಿ ಉತ್ತರಿಸಲಾಗದು. ಹತ್ತು ವರ್ಷದ ಅನುಭವವಿರುವ ಎಂಜಿನಿಯರ್ ಕೂಡ ಗ್ರಾಹಕರೊಂದಿಗೆ ದರದ ಮಾತುಕತೆಗೆ ಮೊದಲ ಬಾರಿ ಕೂತಾಗ ಆ ಕೆಲಸಕ್ಕೆ ಹೊಸಬರೇ. ಹಾಗೆಯೇ ಕಳೆದ ತಿಂಗಳು ಸೇರಿದ ಹುಡುಗಿಗೆ ದತ್ತಾಂಶ ಶುದ್ಧಗೊಳಿಸುವ ಕೆಲಸ ಕರತಲಾಮಲಕವಾಗಿರಬಹುದು. ಆದ್ದರಿಂದ ಈ ಕೆಲಸವನ್ನು ಇವರು ಹಿಂದೆ ಮಾಡಿದ್ದಾರೆಯೇ, ತಪ್ಪಾದರೆ ಎಷ್ಟು ಬೇಗ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಸರಿಪಡಿಸಬಹುದೇ ಎಂದು ಪ್ರತಿ ಸಲ ಕೇಳಿಕೊಳ್ಳುವುದು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ಕೊನೆಯ ಪ್ರಶ್ನೆಗೆ ಉಳಿದೆರಡಕ್ಕಿಂತ ತೂಕ ಹೆಚ್ಚು. ಮರಳಿ ಸರಿಪಡಿಸಬಹುದಾದ ತೀರ್ಮಾನಗಳನ್ನು ಹೊಸಬರಿಗೂ ಧಾರಾಳವಾಗಿ ಬಿಟ್ಟುಕೊಡಬಹುದು. ಗ್ರಾಹಕರ ಡೇಟಾಬೇಸ್‌ನಿಂದ ಮಾಹಿತಿ ಅಳಿಸುವಂಥ ಕೆಲಸದಲ್ಲಿ ಎಷ್ಟೇ ನುರಿತವರಿದ್ದರೂ ಎರಡನೆಯ ಕಣ್ಣು ಬೇಕು.

ನಂತರದ ಕಷ್ಟ ಪರಿಶೀಲನೆಯದು. ದಿನಕ್ಕೆ ಮೂರು ಸಲ "ಎಲ್ಲಿಗೆ ಬಂತು?" ಎಂದು ಕೇಳಿದರೆ ವಹಿಸಿಕೊಟ್ಟದ್ದನ್ನು ಹಿಂದಕ್ಕೆ ಪಡೆದಂತೆಯೇ, ಏನೂ ಕೇಳದೆ ಕೊನೆಯ ದಿನ ಹೋಗಿ ನೋಡಿದರೆ ಕೈಬಿಟ್ಟಂತೆ. ಇದಕ್ಕಿರುವ ಪರಿಹಾರ ಸರಳ: ಯಾವಾಗ, ಏನನ್ನು ನೋಡುತ್ತೇವೆಂಬುದನ್ನು ಮೊದಲ ಮಾತುಕತೆಯಲ್ಲೇ ಗೊತ್ತುಮಾಡುವುದು. ಹತ್ತು ದಿನದ ಕೆಲಸವಾದರೆ ಎರಡನೆಯ ದಿನವೇ ಒಮ್ಮೆ ನೋಡುವುದು ಉಪಯುಕ್ತ, ಏಕೆಂದರೆ ದಿಕ್ಕು ತಪ್ಪಿದ್ದರೆ ಆಗ ತಿದ್ದಲು ಖರ್ಚು ಕಡಿಮೆ. ಮಧ್ಯದಲ್ಲಿ ಇನ್ನೊಮ್ಮೆ ನೋಡಿದರೆ ಸಾಕಾಗುತ್ತದೆ. ಮೊದಲೇ ಗೊತ್ತಿರುವ ಪರಿಶೀಲನೆಯನ್ನು ಯಾರೂ ಅನುಮಾನವೆಂದು ಭಾವಿಸುವುದಿಲ್ಲ. ಔಟರ್ ರಿಂಗ್ ರೋಡ್‌ನ ಟ್ರಾಫಿಕ್‌ನಿಂದಾಗಿ ವಾರದ ಅರ್ಧದಷ್ಟು ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡುವ ತಂಡಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು, ಅಲ್ಲಿ ಮ್ಯಾನೇಜರ್ ಕಣ್ಣಿಗೆ ಬೀಳುವುದು ಚಾಟ್‌ನ ಹಸಿರು ಚುಕ್ಕೆ ಮಾತ್ರ, ಅದರಿಂದ ಏನೂ ತಿಳಿಯುವುದಿಲ್ಲ.

ಇಷ್ಟಾದರೂ ಒಂದು ದಿನ ವಹಿಸಿಕೊಂಡವರು ಮೇಜಿನ ಬಳಿ ಬಂದು ನಿಲ್ಲುತ್ತಾರೆ. "ಸಾರ್, ವೆಂಡರ್ ತಡ ಮಾಡ್ತಿದ್ದಾರೆ, ಏನ್ ಮಾಡೋಣ?" ಮ್ಯಾನೇಜರ್ ಅಭ್ಯಾಸಬಲದಿಂದ "ಸರಿ, ನಾನು ಮಾತಾಡ್ತೀನಿ ಬಿಡಿ" ಎನ್ನುತ್ತಾರೆ. ಆ ನಾಲ್ಕು ಪದಗಳಲ್ಲಿ ಇಡೀ ಕೆಲಸ ಮರಳಿ ಅವರ ಹೆಗಲೇರಿತು; ಬಂದವರು ಹಗುರಾಗಿ ಹೊರಟುಹೋದರು, ನಾಳೆ ಇನ್ನೊಬ್ಬರೂ ಹೀಗೆಯೇ ಬರುತ್ತಾರೆ. ಇಲ್ಲಿ ಕೇಳಬೇಕಾದದ್ದು "ನಿಮಗೆ ಏನನ್ನಿಸುತ್ತದೆ?" ಎಂದು. ಉತ್ತರ ಬರುವವರೆಗೆ ಕಾಯುವ ತಾಳ್ಮೆ ಇರಬೇಕು, ಮೊದಲ ಕೆಲವು ಸಲ ಆ ಮೌನ ಉದ್ದವಾಗಿಯೇ ಇರುತ್ತದೆ. ಅವರು ಹೇಳಿದ ದಾರಿ ಮ್ಯಾನೇಜರ್ ಆರಿಸಿಕೊಳ್ಳುತ್ತಿದ್ದ ದಾರಿಗಿಂತ ಬೇರೆಯಾಗಿದ್ದು, ಆದರೂ ಗುರಿ ತಲುಪುವಂತಿದ್ದರೆ, ಅದನ್ನೇ ಒಪ್ಪಿಕೊಳ್ಳಬೇಕು. ತಮ್ಮ ದಾರಿ ಶೇಕಡಾ ಹತ್ತರಷ್ಟು ಉತ್ತಮವೆಂದು ಬದಲಿಸಿದರೆ ಆ ವ್ಯಕ್ತಿ ಮುಂದೆ ಯೋಚಿಸುವುದನ್ನೇ ಬಿಡುತ್ತಾರೆ, ಆ ನಷ್ಟ ಹತ್ತರಷ್ಟಕ್ಕೆ ನಿಲ್ಲುವುದಿಲ್ಲ. ವೆಂಡರ್ ಜೊತೆ ಮ್ಯಾನೇಜರ್ ಮಾತಾಡಲೇಬೇಕಾದ ಸಂದರ್ಭವೂ ಬರಬಹುದು, ಆಗಲೂ ಕರೆ ಮುಗಿದ ಮೇಲೆ ಮುಂದಿನ ಹೆಜ್ಜೆ ವಹಿಸಿಕೊಂಡವರದೇ ಎಂದು ಹೇಳಿಯೇ ಮಾತಾಡಬೇಕು.

ಹೊಣೆಯ ಪ್ರಶ್ನೆ ಬೇರೆ ಬಗೆಯದು. ಫ್ರಾನ್ಸ್‌ನ ಗಣಿ ಎಂಜಿನಿಯರ್ ಆಂರಿ ಫಯೋಲ್ 1916ರಲ್ಲಿ ಆಡಳಿತದ ತತ್ತ್ವಗಳನ್ನು ಪಟ್ಟಿ ಮಾಡಿದಾಗ ಅಧಿಕಾರ ಇರುವಲ್ಲಿ ಹೊಣೆಯೂ ಇರಬೇಕು ಎಂಬುದನ್ನು ಅದರಲ್ಲಿ ಸೇರಿಸಿದ್ದರು. ಕೆಲಸ ವಹಿಸಿಕೊಂಡವರು ಮ್ಯಾನೇಜರ್‌ಗೆ ಉತ್ತರಿಸಬೇಕು ಎಂಬುದು ಅದರ ಒಂದು ಮುಖ. ಹೊರಗಿನವರಿಗೆ ಉತ್ತರಿಸಬೇಕಾದವರು ಕೊನೆಯವರೆಗೂ ಮ್ಯಾನೇಜರೇ ಎಂಬುದು ಇನ್ನೊಂದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋದ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವಿದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದವರು ಎ. ಪಿ. ಜೆ. ಅಬ್ದುಲ್ ಕಲಾಂ, ಆದರೆ ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆ ಹೊತ್ತವರು ಆಗ ಇಸ್ರೋ ಅಧ್ಯಕ್ಷರೂ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್‌ನಲ್ಲಿ ಹೋದ ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಅವರು ಪತ್ರಕರ್ತರನ್ನು ಎದುರಿಸಲು ಕಲಾಂ ಅವರನ್ನೇ ಮುಂದೆ ಕಳುಹಿಸಿದರು. ಕಲಾಂ ಈ ಪ್ರಸಂಗವನ್ನು ಮುಂದೆ ಅನೇಕ ಭಾಷಣಗಳಲ್ಲಿ ನೆನೆದಿದ್ದಾರೆ. ಏಳು ಜನರ ತಂಡದಲ್ಲೂ ಇದೇ ನಡೆ ಸಾಧ್ಯ: ಗ್ರಾಹಕರ ಕರೆಯಲ್ಲಿ ತಪ್ಪಿಗೆ ಉತ್ತರ ಕೊಡುವವರು ಮ್ಯಾನೇಜರ್, ಒಳ್ಳೆಯ ಸುದ್ದಿ ಹೇಳುವವರು ಆ ಕೆಲಸ ಮಾಡಿದವರು. ತಪ್ಪು ಹೇಗಾಯಿತೆಂಬ ಗಂಭೀರ ಚರ್ಚೆ ಒಳಗೆ, ಇಬ್ಬರ ನಡುವೆ, ಅದೇ ದಿನ ನಡೆಯಬೇಕು.

ಕೆಲವನ್ನು ವಹಿಸಿಕೊಡಬಾರದು. ತಂಡದವರ ಕೆಲಸದ ಮೌಲ್ಯಮಾಪನ, ಸಂಬಳದ ವಿಷಯ, ಶಿಸ್ತಿನ ಕ್ರಮ, ಒಬ್ಬರು ನಂಬಿಕೆಯಿಂದ ಹೇಳಿಕೊಂಡ ಮನೆಯ ಕಷ್ಟ, ಇವು ಮ್ಯಾನೇಜರ್ ಬಳಿಯೇ ಇರಬೇಕು. ಈ ವಿವೇಚನೆ ಕಾನೂನಿನಲ್ಲಿಯೂ ಇದೆ. 2013ರ ಕಂಪನಿ ಕಾಯಿದೆಯ 179ನೆಯ ಕಲಮಿನ ಪ್ರಕಾರ ನಿರ್ದೇಶಕ ಮಂಡಳಿಯು ಸಾಲ ಪಡೆಯುವ, ಹಣ ಹೂಡುವ, ಸಾಲ ಕೊಡುವ ಅಧಿಕಾರವನ್ನು ಸಭೆಯ ನಿರ್ಣಯದ ಮೂಲಕ ಸಮಿತಿಗೋ ವ್ಯವಸ್ಥಾಪಕ ನಿರ್ದೇಶಕರಿಗೋ ವಹಿಸಿಕೊಡಬಹುದು. ಆದರೆ ಹಣಕಾಸು ತಃಖ್ತೆಗೆ ಒಪ್ಪಿಗೆ ನೀಡುವಂಥ ಕೆಲಸಗಳನ್ನು ಮಂಡಳಿಯೇ ತನ್ನ ಸಭೆಯಲ್ಲಿ ಮಾಡಬೇಕು. ತಮಗೆ ಬೇಸರವಾದ ಕೆಲಸಗಳನ್ನೆಲ್ಲ ಕೆಳಕ್ಕೆ ದಾಟಿಸಿ ಹೆಸರು ತರುವ ಕೆಲಸಗಳನ್ನು ತಮ್ಮ ಬಳಿ ಇಟ್ಟುಕೊಳ್ಳುವುದೂ ಸಲ್ಲದು. ಅದನ್ನು ತಂಡದವರು ಎರಡೇ ವಾರದಲ್ಲಿ ಗುರುತಿಸುತ್ತಾರೆ, ಆಮೇಲೆ ಒಳ್ಳೆಯ ಕೆಲಸ ಕೊಟ್ಟರೂ ಅದರಲ್ಲಿ ಏನೋ ಹುಳುಕಿದೆ ಎಂದೇ ನೋಡುತ್ತಾರೆ.

ಎಷ್ಟರಮಟ್ಟಿಗೆ ವಹಿಸಿಕೊಟ್ಟಿದ್ದೇವೆ ಎಂಬುದನ್ನು ತಿಳಿಯಲು ಒಂದು ವಾರ ರಜೆ ಹಾಕಿ ಊರಿಗೆ ಹೋಗಿಬರಬಹುದು, ಫೋನ್ ಮಾಡದೆ. ಹಿಂತಿರುಗಿದ ದಿನ ಯಾವ ಯಾವ ತೀರ್ಮಾನಗಳು ತಮಗಾಗಿ ಕಾದು ನಿಂತಿದ್ದವೆಂದು ಬರೆದುಕೊಂಡು, ಪ್ರತಿಯೊಂದರ ಮುಂದೆ ಕಾರಣ ನಮೂದಿಸಬೇಕು. ಕೆಲವು ನಿಂತದ್ದು ಎಲ್ಲೆ ಹೇಳಿರಲಿಲ್ಲವಾದ್ದರಿಂದ. ಅವುಗಳಿಗೆ ಅಂದೇ ಒಂದು ಅಂಕಿ ಗೊತ್ತುಮಾಡಿ ತಿಳಿಸಬಹುದು. ಕೆಲವು ನಿಂತದ್ದು ಪಾಸ್‌ವರ್ಡ್, ಹಳೆಯ ಒಪ್ಪಂದ ಅಥವಾ ಗ್ರಾಹಕರ ಫೋನ್ ನಂಬರ್ ಮ್ಯಾನೇಜರ್ ಬಳಿ ಮಾತ್ರ ಇದ್ದುದರಿಂದ. ಅದು ಒಂದು ಮಧ್ಯಾಹ್ನದ ಕೆಲಸ. ಅಧಿಕಾರವೂ ಮಾಹಿತಿಯೂ ಇದ್ದು ಯಾರೂ ಕೈಹಾಕದೆ ನಿಂತವುಗಳ ಮುಂದೆ ಹೆಚ್ಚು ಹೊತ್ತು ಕೂರಬೇಕು. ಹಿಂದೊಮ್ಮೆ ಯಾರೋ ತೀರ್ಮಾನ ಕೈಗೊಂಡಾಗ ಅವರಿಗೆ ಸಿಕ್ಕ ಪ್ರತಿಕ್ರಿಯೆ ಏನಿತ್ತೆಂದು ಆ ವ್ಯಕ್ತಿಯನ್ನೇ ಕೂರಿಸಿಕೊಂಡು ಕೇಳಿ, ಅವರ ಉತ್ತರವನ್ನು ನಡುವೆ ಬಾಯಿಹಾಕದೆ ಕೇಳಿಸಿಕೊಂಡು, ಅದೇ ವಾರ ಅದೇ ಬಗೆಯ ಒಂದು ತೀರ್ಮಾನವನ್ನು ಮತ್ತೆ ಅವರ ಕೈಗೇ ಕೊಡಬೇಕು.